ಬರಿಗಾಲಿಗೆ ಬೂಟಿನ ಸದ್ದು

ಬರಿಗಾಲು ನೆಲಕ್ಕೆ ಬಿತ್ತು, ಬೂಟಿನ ಸದ್ದು ಬಂತು — ತಪ್ಪು, ಎಂದಿತು ಆಕೆಯ ಕಿವಿ, ಕಣ್ಣಿಗಿಂತ ಮೊದಲು ಕಿವಿಯೇ ಹೇಳಿತು, ಆಮೇಲೆ ಕಣ್ಣು ನೋಡಿತು, ಪರದೆಯ ಮೇಲೆ ಸಣಕಲ ಓಡುತ್ತಿದ್ದಾನೆ, ಸೊಂಟಕ್ಕೆ ಯಾರದೋ ಪ್ಯಾಂಟು, ಬಲಗಾಲಿಗೆ ಬೂಟು, ಎಡಗಾಲು ಬರಿದು, ಹೆಬ್ಬೆರಳಿಗೆ ಮಸಿ ಮೆತ್ತಿಕೊಂಡಿರುವುದೂ ಕಾಣುತ್ತದೆ, ಆದರೆ ಕೇಳುವುದು ಟಕ್ ಟಕ್, ಟಕ್ ಟಕ್, ಎರಡೂ ಕಾಲಿಗೆ ನೆಟ್ಟಗೆ ಬೂಟು ಹಾಕಿಕೊಂಡು ಕಚೇರಿಗೆ ಹೊರಟವನ ಸದ್ದು. ನೋಡಿದ್ರಾ ಅಮ್ಮ, ಎಂದ ಗಾಜಿನಾಚೆಯ ಇಂಜಿನಿಯರ್, ಅವನ ದನಿ ಗೋಡೆಯ ಪೆಟ್ಟಿಗೆಯಿಂದ ಬರುತ್ತದೆ, ಮನುಷ್ಯ ಗಾಜಿನ ಹಿಂದೆ ಮೀನಿನ ಹಾಗೆ ಬಾಯಿ ಆಡಿಸುತ್ತಾನೆ, ನಿರ್ದೇಶಕರು ಬೆಳಗ್ಗೆಯಿಂದ ಫೋನ್ ಮೇಲೆ ಫೋನ್ ಅಮ್ಮ, ಈ ಓಟ ಪೂರ್ತಿ ಅಳಿಸಿ ಹೊಸದಾಗಿ ಮಾಡಿ ಅಂತಿದ್ದಾರೆ, ಸಾಯಂಕಾಲ ಚಿತ್ರ ಕಳಿಸ್ಲೇಬೇಕಂತೆ. ಅಳಿಸಿ. ಎಷ್ಟು ಸುಲಭವಾಗಿ ಬರುತ್ತದೆ ಜನರ ಬಾಯಿಗೆ ಈ ಮಾತು, ಮಗಳೂ ಹಾಗೇ ಹೇಳಿದಳು, ಅಪ್ಪನ ಬಟ್ಟೆ ಯಾರಿಗಾದ್ರೂ ಕೊಟ್ಬಿಡಮ್ಮ, ಇಟ್ಕೊಂಡು ಏನು ಮಾಡ್ತೀಯ, ಅವರು ಹೋಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ಕೊಟ್ಟುಬಿಡು, ಅಳಿಸಿಬಿಡು, ಹೊಸದಾಗಿ ಮಾಡು. ಈ ಓಟದ ಸದ್ದು ಆ ಮನುಷ್ಯ, ನನ್ನ ಗಂಡ, ಈ ಕೋಣೆಯಲ್ಲಿ ಕಡೆಯದಾಗಿ ಓಡಿ ಮಾಡಿದ್ದು. ಇದನ್ನು ಓಡಿ, ಮನೆಗೆ ಬಂದು, ಊಟ ಬೇಡ ಎಂದು ಮಲಗಿ, ಬೆಳಗಾಗುವಷ್ಟರಲ್ಲಿ ಉಸಿರು ಸಿಕ್ಕಿಹಾಕಿಕೊಂಡು ಹೋದದ್ದು. ಹೋಗಲಿ, ಹೋಗುವವರು ಹೋಗಲಿ, ಆದರೆ ತಪ್ಪು ಸದ್ದು ಹೇಗೆ ಬಿಟ್ಟುಹೋದರು, ಇಷ್ಟು ವರ್ಷ ಒಂದು ಹೆಜ್ಜೆ ತಪ್ಪದ ಮನುಷ್ಯ, ರಬ್ಬರ್ ತಳದ ಬೂಟಿಗೆ ತೊಗಲಿನ ತಳದ ಸದ್ದು ಹಾಕಿದೆನೆಂದು ಒಮ್ಮೆ ದಿನವಿಡೀ ನನ್ನ ಜೊತೆ ಮಾತು ಬಿಟ್ಟ ಮನುಷ್ಯ — ಮತ್ತೊಂದ್ಸಲ ಹಾಕಪ್ಪ, ಎಂದಳು ಆಕೆ, ದನಿ ಗಡುಸಾಗಿತ್ತು, ಗಡುಸಾಗಿದ್ದು ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು.

ಪರದೆ ಕಪ್ಪಾಯಿತು, ಮತ್ತೆ ಬೆಳಗಿತು, ಸಣಕಲ ಮತ್ತೆ ಓಡಿದ, ಅವನ ಹಿಂದೆ ಡುಮ್ಮ, ಡುಮ್ಮನ ಹೆಜ್ಜೆ ಆಕೆಯದೇ, ದಪ್ ದಪ್ ದಪ್, ಮೇಲೊಂದು ಕೆಳಗೊಂದು ಕಾಲುಚೀಲ ಹಾಕಿ, ತಳ ಸವೆದ ಬೂಟಿನಲ್ಲಿ, ಒಳಗೆ ಬಟ್ಟೆ ತುರುಕಿ ಮಾಡಿದ್ದು, ಅದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಈ ಕೋಣೆಯಲ್ಲಿ ಎಲ್ಲ ಹುಟ್ಟುವುದೇ ಹೀಗೆ, ಪರದೆಯ ಮೇಲೆ ಯಾರು ನಡೆಯಲಿ, ಓಡಲಿ, ಬೀಳಲಿ, ಅವರ ಸದ್ದು ಇಲ್ಲಿ ಗಂಡಹೆಂಡಿರ ಕಾಲಿನಿಂದ ಹುಟ್ಟಬೇಕು, ನೆಲದಲ್ಲಿ ಜಲ್ಲಿಯ ಗುಂಡಿ, ಮರಳಿನ ಗುಂಡಿ, ಮರದ ಹಲಗೆ, ಕಲ್ಲಿನ ಚಪ್ಪಡಿ, ಗೋಡೆಗೆ ಅಟ್ಟಣಿಗೆ, ಅಟ್ಟಣಿಗೆ ತುಂಬ ಬೂಟು ಚಪ್ಪಲಿ, ಮದುಮಗಳದ್ದು, ಸೈನಿಕನದ್ದು, ಕಳ್ಳನದ್ದು, ರಾಜನದ್ದು. ಹೆಜ್ಜೆಯಪ್ಪ ಹೆಜ್ಜೆಯಮ್ಮ ಎಂದೇ ಊರಿನ ಚಿತ್ರದವರೆಲ್ಲ ಕರೆಯುವುದು. ಎಂಥೆಂಥ ಚಿತ್ರಗಳಿಗೆ ನಡೆದಿದ್ದೇವೆ, ಸಂತರ ಚಿತ್ರಕ್ಕೆ ನಡೆದಿದ್ದೇವೆ, ಅಲ್ಲಿ ಆಕೆ ಬರಿಗಾಲಿನಲ್ಲಿ ಕಲ್ಲಿನ ಮೇಲೆ ನಡೆದಾಗ ಕಣ್ಣಲ್ಲಿ ನೀರು ಬಂದಿತ್ತು, ದೇವರೇ ನಿನ್ನ ಸನ್ನಿಧಿಗೇ ನಡೆದ ಹಾಗಿದೆ ಎಂದು — ಕೊನೆಗೆ ಬಂದು ನಿಂತದ್ದು ಇಲ್ಲಿ, ಈ ಎರಡು ಕತ್ತೆಗಳ ಚಿತ್ರದಲ್ಲಿ, ಕೆಟ್ಟ ಕಾರುಗಳನ್ನು ಎಳೆದೊಯ್ಯುವ ಲಾರಿಯವರಂತೆ ಇವರು, ಯಾವನೋ ಖದೀಮನ ಕಾರನ್ನು ತಪ್ಪಿ ಎಳೆದೊಯ್ದರಂತೆ, ಕಾರಿನ ಡಿಕ್ಕಿಯಲ್ಲಿ ಅವನ ಗೆಳತಿ ಇದ್ದಳಂತೆ, ಅದೂ ಮೈಮೇಲೆ ನೆಟ್ಟಗೆ ಬಟ್ಟೆಯಿಲ್ಲದೆ, ಅಲ್ಲಿಂದ ಶುರು, ಗುಂಡು, ಹೊಡೆದಾಟ, ಹೂಸು, ಮುತ್ತು, ಮಂಚದ ಕಿರುಗುಟ್ಟುವಿಕೆ. ಥೂ. ಮುತ್ತಿನ ಸದ್ದು ಆಕೆಯ ಮುಂಗೈ ಮೇಲೆ ಆಕೆಯದೇ ತುಟಿ, ಬೆತ್ತಲೆ ಬೆನ್ನಿಗೆ ಬೀಳುವ ಏಟು ಒದ್ದೆ ತೊಗಲಿನ ಚಿಂದಿ, ಮಂಚದ ಸದ್ದು ಒಂದು ಹಳೆಯ ಕುರ್ಚಿ, ಹೂಸು ಮಾತ್ರ ಆ ಮನುಷ್ಯನ ಖಾತೆ, ಕಂಕುಳಲ್ಲಿ ಕೈಯಿಟ್ಟು ಹೊಡೆಯುತ್ತಿದ್ದರು, ಸಣ್ಣ ಹುಡುಗರ ಹಾಗೆ ಉಬ್ಬಿಹೋಗುತ್ತಿದ್ದರು, ಕೇಳೇ, ಇದು ಡುಮ್ಮನದ್ದು, ಇದು ಸಣಕಲನದ್ದು, ವ್ಯತ್ಯಾಸ ಗೊತ್ತಾಯ್ತಾ? ಆಕೆ ಜಪಮಾಲೆಯನ್ನು ಕೊರಳಿನಿಂದ ತೆಗೆದು ಬಾಗಿಲ ಮೊಳೆಗೆ ನೇತುಹಾಕಿಯೇ ಈ ಚಿತ್ರಕ್ಕೆ ಕಾಲಿಡುತ್ತಿದ್ದುದು, ಅದನ್ನು ನೋಡಿ ಅವರಿಗೆ ನಗು, ಏನೇ ಮಹಾರಾಯ್ತಿ, ನೀನು ಮಾಡೋದು ಬರೀ ಒದ್ದೆ ತೊಗಲು ಬಡಿಯೋ ಕೆಲಸ, ಪಾಪ ಇರೋದು ಪರದೆ ಮೇಲೆ, ಅದನ್ನ ಅವರು ನೋಡ್ಕೋತಾರೆ. ನಿಮಗೆ ನರಕದಲ್ಲಿ ಜಾಗ ಆಗಿದೆ, ಎಂದಿದ್ದಳು ಆಕೆ. ಒಂಟಿಯಾಗಿ ಹೋಗ್ತೀನಾ, ನಿನ್ನ ಹೆಜ್ಜೆ ಕೇಳಿಸ್ಕೊಂಡೇ ಹೋಗೋದು, ಎಂದಿದ್ದರು. ಸುಳ್ಳ. ಒಂಟಿಯಾಗಿಯೇ ಹೋದರು, ಹೆಜ್ಜೆಯ ಸದ್ದೂ ಮಾಡದೆ.

ಓಟ ಮತ್ತೆ ಮುಗಿಯಿತು, ಟಕ್ ಟಕ್, ನಿಂತಿತು. ನೀನು ಅವತ್ತು ನೋಡ್ಲಿಲ್ವೇನಪ್ಪಾ, ಎಂದು ಕೇಳಿದಳು, ಕೇಳಿದ್ದಲ್ಲ, ಗದರಿದ್ದು. ಇಂಜಿನಿಯರ್ ಕನ್ನಡಕ ತೆಗೆದು ಒರೆಸಿದ, ಐವತ್ತು ದಾಟಿದ ಮನುಷ್ಯ, ಇವರಿಬ್ಬರ ಹೆಜ್ಜೆ ಕೇಳಿಯೇ ಕಿವಿ ಹಣ್ಣಾದವನು, ನಾನು ಮುಳ್ಳು ನೋಡ್ತಿದ್ದೆ ಅಮ್ಮ, ಸದ್ದು ಅಳೆಯೋ ಮುಳ್ಳು, ಯಜಮಾನ್ರು ನಡೀತಿದ್ರೆ ನಾನು ಪರದೆ ಕಡೆ ನೋಡೋದೇ ಇಲ್ಲ, ಯಾಕೆ ನೋಡ್ಬೇಕು, ಅವರು ತಪ್ಪೋದೇ ಇಲ್ಲ ಅಲ್ವಾ. ಅವನನ್ನು ಬೈದು ಪ್ರಯೋಜನವಿಲ್ಲ. ನಾನೆಲ್ಲಿದ್ದೆ, ನಾನು ಇದ್ದಿದ್ದರೆ ಒಂದೇ ಹೆಜ್ಜೆಗೆ ಹಿಡಿಯುತ್ತಿದ್ದೆ, ನಾನು ಮಧ್ಯಾಹ್ನದ ಪ್ರಾರ್ಥನೆಗೆ ಹೋಗಿದ್ದೆ, ಪಡಸಾಲೆಯ ಕೊನೆಯಲ್ಲಿ, ಬೆಂಕಿ ಆರಿಸುವ ಕೆಂಪು ಬಾಲ್ದಿಗಳ ಪಕ್ಕ, ಒಂದು ಮೂಲೆ ಇದೆ, ಅಲ್ಲಿ ಗೋಡೆಗೆ ಮುಖ ಮಾಡಿ ಕೂರುವುದು, ನನ್ನ ಡುಮ್ಮನ ಓಟ ಮೊದಲು ಮುಗಿಸಿ, ಈಗ ನಿಮ್ಮ ಸಣಕಲನದ್ದು ನೀವು ಓಡಿಕೊಳ್ಳಿ, ನನಗೆ ಹೊತ್ತಾಯಿತು ಎಂದು ಹೋದೆ, ಕಣ್ಣು ಮುಚ್ಚಿ ಕೂತಿದ್ದೆ, ಆಗ ಇಲ್ಲಿ ಈ ಸದ್ದು ಆಗುತ್ತಿತ್ತು. ದೇವರೇ, ನಿನ್ನ ಹತ್ತಿರವೇ ಕೂತಿದ್ದೆನಲ್ಲ. ನೀನಾದರೂ ಹೇಳಬಹುದಿತ್ತು. ಏನು ಹೇಳಬಹುದಿತ್ತು — ಏನನ್ನು — ತಲೆಯಲ್ಲಿ ಏನೋ ಒಂದು ತಟ್ಟಿ ಜಾರಿತು, ಕೈಗೆ ಸಿಗಲಿಲ್ಲ. ಒಂದೇ ಟೇಕಲ್ಲಿ ಮುಗಿಸಿದ್ರು ಅಮ್ಮ, ಎನ್ನುತ್ತಿದ್ದ ಇಂಜಿನಿಯರ್, ಮೊದಲು ಸ್ಟೂಲ್ ಮೇಲೆ ಕೂತು ಎಡಗಾಲಿನ ಬೂಟು ಕಳಚೋಕೆ ಎಳೆದಾಡಿದ್ರು, ಈಗ ನೆನಪಾಗ್ತಿದೆ, ಆ ಕಡೆ ಎಳೆದ್ರು, ಈ ಕಡೆ ಎಳೆದ್ರು, ಬರ್ಲಿಲ್ಲ, ಆಮೇಲೆ ಇರ್ಲಿ ಬಿಡಪ್ಪ, ಯಾರಿಗೆ ಗೊತ್ತಾಗುತ್ತೆ ಅಂದ್ರು. ಯಾರಿಗೆ ಗೊತ್ತಾಗುತ್ತೆ ಅಂದ್ರಾ, ಎಂದಳು ಆಕೆ. ಹೂಂ ಅಮ್ಮ. ಅವರು ಹಾಗಂದ್ರಾ. ಅಂದ್ರು ಅಮ್ಮ, ನಕ್ಕೊಂಡೇ ಅಂದ್ರು. ಆಕೆಗೆ ನಂಬಿಕೆ ಬರಲಿಲ್ಲ, ಆ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಕೆನ್ನೆಗೆ ಬಾರಿಸುವಂಥ ಮನುಷ್ಯ ಅದು, ಕೇಳೋರು ಕಿವುಡರಲ್ಲ ಕಣೇ, ಕತ್ತಲಲ್ಲಿ ಕೂತಿರ್ತಾರೆ ಅಷ್ಟೇ, ಎನ್ನುತ್ತಿದ್ದ ಮನುಷ್ಯ.

ಬೂಟು ತಗೊಳ್ಳಿ ಅಮ್ಮ, ಎಂದ ಇಂಜಿನಿಯರ್, ಸಣಕಲನ ಬೂಟು, ಅವತ್ತು ಓಟ ಮುಗಿದ್ಮೇಲೆ ಹೇಗೋ ಕಳಚಿಟ್ಟು ಹೋದ್ರು, ಅದೇ ಬೂಟಲ್ಲಿ ಮಾಡಿದ್ರೆ ಮುಂಚಿನದ್ದಕ್ಕೂ ಇದಕ್ಕೂ ಕೂಡಿಕೊಳ್ಳುತ್ತೆ. ಅಟ್ಟಣಿಗೆಯ ಕೆಳಗಿನ ಸಾಲಿನಲ್ಲಿವೆ, ಅವರು ಇಟ್ಟ ಜಾಗದಲ್ಲೇ, ಮೂತಿ ಗೋಡೆಯ ಕಡೆಗೆ, ಅವರದು ಅದೊಂದು ಕೆಟ್ಟ ಚಾಳಿ, ಮನೆಯಲ್ಲೂ ಹಾಗೇ ಬಿಡುವುದು, ಬೂಟುಗಳು ಗೋಡೆಯೊಳಗೆ ನಡೆದುಹೋಗುತ್ತಿರುವ ಹಾಗೆ. ಎತ್ತಿಕೊಂಡಳು, ಕಪ್ಪು ಬೂಟು, ಪಾಲಿಶಿನ ವಾಸನೆ, ಅವರ ವಾಸನೆ, ಮೂಗಿಗೆ ಬಡಿದದ್ದೇ ಸಿಟ್ಟಿನಿಂದ ದೂರ ಹಿಡಿದಳು, ಎಡಗಾಲಿನ ಬೂಟಿಗೆ ಪಕ್ಕದಲ್ಲಿ ಸೀಳು. ಹೌದು, ಈ ಸೀಳು, ಇದನ್ನು ಆಕೆ ಮೊದಲೇ ನೋಡಿದ್ದಳು, ಏನ್ರೀ ಇದು, ಒಳ್ಳೆ ಬೂಟನ್ನ ಬ್ಲೇಡ್ ಹಾಕಿ ಸೀಳಿಬಿಟ್ಟಿದ್ದೀರಲ್ಲ, ಎಂದು ಕೇಳಿದ್ದಳು, ಸದ್ದಿಗೆ ಕಣೇ, ಎಂದಿದ್ದರು, ಸಣಕಲ ಬಡವ, ಅವನ ಬೂಟು ಹೊಸದರ ಹಾಗೆ ಟಕ್ ಅಂದ್ರೆ ಹೇಗೆ, ಹರಿದ ಬೂಟು ಗಾಳಿ ಬಿಡಬೇಕು, ಕೇಳು, ಎಂದು ಎದ್ದು ಚಪ್ಪಡಿಯ ಮೇಲೆ ಒಂದು ಸುತ್ತು ನಡೆದು ತೋರಿಸಿದ್ದರು, ಟಕ್, ಟಪ್ಸ್, ಟಕ್, ಟಪ್ಸ್, ಕೇಳಿಸ್ತಾ, ಹೂಸು ಬಿಟ್ಕೊಂಡು ನಡೆಯೋ ಬೂಟು. ಆಕೆ ತಲೆ ಓರೆ ಮಾಡಿ ಕೇಳಿದ್ದಳು, ಕೆಲಸದ ಕಿವಿಯಿಂದ ಕೇಳಿದ್ದಳು, ಚೆನ್ನಾಗಿದೆ ಎಂದಿದ್ದಳು. ಚೆನ್ನಾಗಿದೆ. ಯಾಕೆ ಅನ್ನಬಾರದು, ಈ ಕೋಣೆಯಲ್ಲಿ ಯಾವ ಬೂಟು ನೆಟ್ಟಗಿದೆ, ಒಂದಕ್ಕೆ ಮೊಳೆ, ಒಂದಕ್ಕೆ ಬಟ್ಟೆ, ಒಂದರ ಹಿಮ್ಮಡಿ ಕುಯ್ದಿದೆ, ಇನ್ನೊಂದರೊಳಗೆ ಮರಳು, ಇಲ್ಲಿ ಬೂಟು ಸೀಳುವುದು ಬೇರೆ ಮನೆಯಲ್ಲಿ ತರಕಾರಿ ಹೆಚ್ಚಿದ ಹಾಗೆ, ಯಾರೂ ಯಾಕೆಂದು ಎರಡನೆಯ ಸಲ ಕೇಳುವುದಿಲ್ಲ. ಬೇರೆ ಯಾವ ಹೆಂಗಸಾದರೂ ಆಗಿದ್ದರೆ, ದರ್ಜಿಯ ಹೆಂಡತಿ, ಮೇಷ್ಟರ ಹೆಂಡತಿ, ಯಾರಾದರೂ, ಗಂಡ ಬೂಟು ಸೀಳಿಕೊಂಡಿದ್ದನ್ನು ನೋಡಿ ಕಾಲು ತೋರ್ಸಿ ಎನ್ನುತ್ತಿದ್ದಳು, ನಾನು ಹೆಜ್ಜೆಯಮ್ಮ, ನಾನು ಸದ್ದು ಕೇಳಿದೆ —

ಕೈ ನಿಂತಿತು. ಜಾರಿದ್ದು ಈಗ ತಾನಾಗಿ ಬಂದು ಎದುರು ಕೂತಿತು. ಡಾಕ್ಟರು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ ಡಾಕ್ಟರು, ಹೆಣ್ಣುಮಗಳು, ನಿದ್ದೆಯಿಲ್ಲದ ಕಣ್ಣು, ಎಡಗಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದು ಮೇಲಕ್ಕೆ ಹೋಗಿ ಶ್ವಾಸಕೋಶಕ್ಕೆ ಅಡ್ಡ ಕೂತಿದೆ, ಮೊದಲೇ ಬಂದಿದ್ರೆ ಮಾತ್ರೆಲೇ ಕರಗ್ತಿತ್ತು, ಕಾಲು ಊದಿಕೊಂಡು ವಾರಗಳೇ ಆಗಿರಬೇಕಲ್ಲ, ಮನೇಲಿ ಯಾರೂ ನೋಡ್ಲಿಲ್ವಾ? ಎಷ್ಟು ಸಿಟ್ಟು ಬಂದಿತ್ತು ಆಕೆಗೆ ಆ ಹುಡುಗಿಯ ಮೇಲೆ, ಇಲ್ಲ ಡಾಕ್ಟ್ರೇ, ನಮ್ಮ ಕಸುಬೇ ಕಾಲು, ಊದಿದ್ರೆ ನನಗೆ ಗೊತ್ತಾಗ್ತಿತ್ತು, ನೀವು ಬೇರೆ ಯಾರದ್ದೋ ಹೇಳ್ತಿದ್ದೀರ, ಎಂದು ಆಸ್ಪತ್ರೆಯ ಪಡಸಾಲೆಯಲ್ಲಿ ಜನ ತಿರುಗಿ ನೋಡುವ ಹಾಗೆ ಕೂಗಿದ್ದಳು, ಮಗಳು ತೋಳು ಹಿಡಿದು ಎಳೆದಿದ್ದಳು. ಇವತ್ತಿನವರೆಗೂ ಪ್ರಾರ್ಥನೆಗೆ ಕೂತಾಗ ಮಧ್ಯದಲ್ಲಿ ಆ ಡಾಕ್ಟರು ಬರುತ್ತಾಳೆ, ಮನೇಲಿ ಯಾರೂ ನೋಡ್ಲಿಲ್ವಾ, ದೇವರ ಹೆಸರು ಬಾಯಲ್ಲೇ ನಿಂತುಹೋಗುತ್ತದೆ, ನಿನಗೇನೇ ಗೊತ್ತು ಎಂದು ಅವಳ ಜೊತೆ ಜಗಳ ಶುರುವಾಗುತ್ತದೆ. ಕಾಲುಚೀಲ. ಮನೆಯಲ್ಲೂ ಕಾಲುಚೀಲ ಹಾಕತೊಡಗಿದ್ದರು, ಹಾಸಿಗೆಯಲ್ಲೂ, ಚಳಿ ಕಣೇ, ವಯಸ್ಸಾಯ್ತಲ್ಲ, ಎಂದರು, ಸೆಕೆಯಲ್ಲಿ ಚಳಿ ಏನ್ರೀ ಎಂದದ್ದಕ್ಕೆ, ನೀನು ಪಕ್ಕದಲ್ಲಿ ಬೆಚ್ಚಗೆ ಮಲಗೋದು ಬಿಟ್ಟು ಜಪ ಮಾಡೋಕೆ ಎದ್ದು ಹೋಗ್ತೀಯಲ್ಲ, ಅದಕ್ಕೇ ಚಳಿ, ಎಂದರು, ಥೂ ಎಂದು ಆಕೆ ಎದ್ದುಹೋಗಿದ್ದಳು, ಹೌದು, ಪೋಲಿ ಮಾತಾಡಿದರೆ ಈಕೆ ಎದ್ದುಹೋಗುತ್ತಾಳೆ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎದ್ದುಹೋಗಲಿ ಎಂದೇ ಆಡಿದರೋ ಏನೋ. ಅಮ್ಮ, ಹುಷಾರಾಗಿದ್ದೀರ ತಾನೇ, ಎಂದಿತು ಗೋಡೆಯ ಪೆಟ್ಟಿಗೆ. ಹುಷಾರಾಗಿದ್ದೀನಿ, ಚಿತ್ರ ಹಾಕು, ಮಾತೂ ಹಾಕು. ಮಾತು ಯಾಕಮ್ಮ, ಹೆಜ್ಜೆಗೆ ಮಾತು ಬೇಡವಲ್ಲ. ಹಾಕು ಅಂದ್ನಲ್ಲಪ್ಪ.

ಅವರು ಹೇಳುತ್ತಿದ್ದರು, ಲೇ, ಈ ಚಿತ್ರ ಪೂರ್ತಿ ನೋಡೇ, ಬರೀ ಕಾಲು ನೋಡ್ಬೇಡ, ಮುಖ ನೋಡು, ಮಾತು ಕೇಳು. ಆಕೆ ನೋಡಿರಲಿಲ್ಲ, ಯಾವ ಚಿತ್ರವನ್ನೂ ನೋಡುವುದಿಲ್ಲ, ಕೆಲಸ ಮಾಡುವಾಗ ಮಾತು ಮುಚ್ಚಿರುತ್ತದೆ, ಕಣ್ಣು ಕಾಲಿನ ಮೇಲೆ, ನೂರಾರು ಜನರ ಕಾಲು ಬಲ್ಲಳು, ಮುಖ ಬಲ್ಲವಳಲ್ಲ, ಅದರಲ್ಲೂ ಈ ಕೊಳಕನ್ನು ಪೂರ್ತಿ ನೋಡುವುದೇ. ಈಗ ಬೂಟನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತು ನೋಡಿದಳು, ಹಲ್ಲು ಕಚ್ಚಿಕೊಂಡು ನೋಡಿದಳು, ಉಗಿಸ್ನಾನದ ಮನೆ, ಬಿಳಿಯ ಹಬೆ, ಟವಲು ಸುತ್ತಿಕೊಂಡ ಡುಮ್ಮ, ಅದೂ ಇಲ್ಲದ ಸಣಕಲ, ಖದೀಮರು ನುಗ್ಗಿದರು, ಟವಲಿನಲ್ಲೇ ಹೊಡೆದಾಟ, ಡುಮ್ಮನ ಟವಲು ಬಿಚ್ಚಿತು, ಹಬೆ ಕರೆಕ್ಟಾಗಿ ಅಲ್ಲೇ ದಟ್ಟವಾಯಿತು, ನಾಚಿಕೆಗೆಟ್ಟವರು, ಆದರೆ — ಸಿಟ್ಟಿನಲ್ಲಿಯೂ ಆಕೆಯ ಕೆಲಸದ ಕಿವಿ ಒಪ್ಪಿತು — ಏಟು ಬಿದ್ದ ಮೇಲೆ ಒಂದು ಉಸಿರಿನಷ್ಟು ಸುಮ್ಮನಿದ್ದಾನೆ ನೋಡು ಆ ಡುಮ್ಮ, ಆಮೇಲೆ ಆಯ್ ಎನ್ನುತ್ತಾನೆ, ನಗು ಇರುವುದು ಆ ಸುಮ್ಮನಿರುವುದರಲ್ಲಿ, ಯಾರೋ ಬಲ್ಲವನು ಕೂತು ಅಳೆದು ಕತ್ತರಿಸಿದ್ದಾನೆ, ಬೆತ್ತಲೆ ಮೈಯಲ್ಲೂ ಲೆಕ್ಕ ತಪ್ಪದ ಕೆಲಸ. ಒಂದು ಗುಂಡು ಹಾರಿತು. ಹಬೆಯಲ್ಲಿ ಯಾರಿಗೆ ಬಿತ್ತೋ ಕಾಣಲಿಲ್ಲ. ಇಬ್ಬರೂ ಬಟ್ಟೆಯ ಗಂಟು ಹಿಡಿದು ಓಡಿದರು, ಸಣಕಲನ ಗಂಟಿನಲ್ಲಿ ಯಾರದೋ ಪ್ಯಾಂಟು, ಒಂದೇ ಬೂಟು, ಓಡುತ್ತಲೇ ಹಾಕಿಕೊಂಡ, ಅಡುಗೆಮನೆಯ ಓಣಿ, ಮೆಟ್ಟಿಲು, ಕಾರು ನಿಲ್ಲಿಸುವ ಕತ್ತಲ ನೆಲಮಾಳಿಗೆ, ಓಟದುದ್ದಕ್ಕೂ ಸಣಕಲನ ಬಾಯಿ, ಆ ಬಾಯಿಗೆ ಬೀಗವೇ ಇಲ್ಲ, ನನ್ನ ಹಿಂದೆ ಬಿದ್ದ ಹೆಂಗಸರಿಗಿಂತ ನನ್ನ ಹಿಂದೆ ಬಿದ್ದ ಗುಂಡೇ ಜಾಸ್ತಿ ಕಣೋ, ಒಂದಾದ್ರೂ ಸರಿಯಾದ ಜಾಗ ಮುಟ್ಟಿದ್ಯಾ, ಇಲ್ಲ. ಮೆಟ್ಟಿಲಿನ ಕಡೆಯಲ್ಲಿ ಇನ್ನೊಂದು, ಅದು ಇದಕ್ಕಿಂತ ಕೊಳಕು, ಡುಮ್ಮನ ಮೊದಲ ರಾತ್ರಿಯದ್ದು. ಡುಮ್ಮ ಓಡುತ್ತ ಓಡುತ್ತ ನಗುತ್ತಾನೆ, ನಗಿಸಬೇಡ್ವೋ ಬೇವರ್ಸಿ, ಓಡೋಕಾಗ್ತಿಲ್ಲ, ಎನ್ನುತ್ತಾನೆ. ಆಕೆ ಮುಖ ನೋಡಿದಳು. ಮೊದಲ ಸಲ ಸಣಕಲನ ಮುಖ ನೋಡಿದಳು. ಪೋಲಿ ಮಾತು ಬರುವ ಮೊದಲು, ಪ್ರತಿ ಸಲ, ಆ ಮುಖದಲ್ಲಿ ತುಟಿ ಒಂದಿಷ್ಟು ಒಳಗೆ ಹೋಗುತ್ತದೆ, ಹಣೆ ಬೆವರುತ್ತದೆ, ನರಳಬೇಕಾದ ಜಾಗದಲ್ಲಿ ಅವನು ಪೋಲಿ ಮಾತಾಡುತ್ತಾನೆ. ಅಲ್ಲಿ ನರಳಬೇಕು, ಅಲ್ಲಿ ಮಾತಾಡುತ್ತಾನೆ. ಮೆಟ್ಟಿಲಿಗೊಂದು. ಪ್ಯಾಂಟಿನ ಹಿಂಭಾಗ ಕಪ್ಪಗೆ ಒದ್ದೆ.

ನಿಲ್ಲಿಸ್ಲಾ ಅಮ್ಮ, ಇಲ್ಲಿಗೆ ಓಟ ಮುಗೀತು. ಬೇಡ, ಮುಂದೆ ಹೋಗಲಿ. ನೆಲಮಾಳಿಗೆಯಲ್ಲಿ ಸಣಕಲ ಕಾರಿಗೆ ಒರಗಿಕೊಂಡ, ಕೂರೋ ಎಂದ ಡುಮ್ಮ, ನಿಂತೇ ಇರ್ತೀನಿ, ನಿಂತ್ರೆ ಹುಡುಗೀರಿಗೆ ಚೆನ್ನಾಗಿ ಕಾಣ್ತೀನಿ ಎಂದ ಸಣಕಲ, ಡುಮ್ಮನ ನಗು ಅರ್ಧಕ್ಕೆ ನಿಂತಿತು, ಪ್ಯಾಂಟು ಬಿಚ್ಚೋ ಎಂದ, ನಿನ್ನ ಹೆಂಡ್ತಿಗೂ ಇಷ್ಟು ಅವಸರ ಇರ್ಲಿಲ್ಲ ಎಂದ ಸಣಕಲ, ಬಿಚ್ಚೋ ಎಂದು ಗರ್ಜಿಸಿ ಡುಮ್ಮ ತಾನೇ ಎಳೆದುಹಾಕಿದ, ಅಂಡಿನಲ್ಲಿ ಗುಂಡು, ಇಡೀ ಪರದೆಯ ತುಂಬ ಬೆತ್ತಲೆ ಹಿಂಭಾಗ, ನೆತ್ತರು, ಕತ್ತಲಲ್ಲಿ ಕೂತು ನೋಡುವ ಜನ ಇಲ್ಲಿ ಬಿದ್ದು ಬಿದ್ದು ನಗುತ್ತಾರೆ, ನಗಲೆಂದೇ ಮಾಡಿದ್ದು, ಆಕೆಯ ಗಂಟಲಲ್ಲೂ ಏನೋ ಉಕ್ಕಿತು, ಛೀ, ನಗು, ಈ ಕೊಳಕನ್ನು ನೋಡಿ ನಗು, ಮತ್ತೆ ಡುಮ್ಮ ಆ ಗಾಯದ ಮುಂದೆ ಮಂಡಿಯೂರಿ ಕೂತು ಕೇಳಿದ, ಯಾವಾಗಿಂದ? ಸ್ನಾನದ ಮನೆಯಿಂದ. ಹೇಳೋಕೇನಾಗಿತ್ತು ನಿನಗೆ? ಹೇಳಿದ್ರೆ ನೀನು ಓಡೋದು ನಿಲ್ಲಿಸ್ತಿದ್ದೆ. ಡುಮ್ಮ ಅವನ ಕೆನ್ನೆಗೆ ಬಾರಿಸಿದ, ಅಳುತ್ತ ಇನ್ನೊಂದು ಬಾರಿಸಿದ, ಆಮೇಲೆ ಅವನನ್ನು ಹಾಗೇ ಬೆನ್ನಿಗೆ ಹಾಕಿಕೊಂಡು ಬಾಯಿಗೆ ಬಂದ ಹಾಗೆ ಬೈಯುತ್ತ ಹೊರಟ, ದಪ್, ದಪ್, ಇಬ್ಬರ ಭಾರದ ಹೆಜ್ಜೆ, ಅದು ಆಕೆಯ ಹೆಜ್ಜೆ, ಮರಳಿನ ಚೀಲ ಹೊತ್ತು ನಡೆದದ್ದು, ಚೀಲ ಯಾಕೆ, ನನ್ನನ್ನೇ ಹೊತ್ಕೊಳ್ಳೇ ಎಂದಿದ್ದರು, ತೋಳು ಚಾಚಿಕೊಂಡು ಬೆನ್ನ ಹಿಂದೆ ಬಂದು ನಿಂತಿದ್ದರು, ಈ ವಯಸ್ಸಿನಲ್ಲಿ ನಾಚಿಕೆ ಆಗಲ್ವೇನ್ರೀ, ಆ ಕಡೆ ಹೋಗಿ ಎಂದು ಮೊಣಕೈಯಿಂದ ತಿವಿದಿದ್ದೆ. ಹೋದರು. ಆ ಕಡೆ ಹೋದರು. ಪೂರ್ತಿ ನೋಡೇ ಎಂದರಲ್ಲ, ಇದಕ್ಕಾ, ಇದನ್ನು ನೋಡಿ ನಾನು ತಿಳಿದುಕೊಳ್ಳಬೇಕಿತ್ತಾ, ಇಷ್ಟು ವರ್ಷ ಒಂದೇ ಹಾಸಿಗೆ, ಒಂದೇ ತಟ್ಟೆ, ಒಂದೇ ಮೈಕಿನ ಮುಂದೆ ನಾಲ್ಕು ಕಾಲು, ನನಗೆ ಬಾಯಿ ಬಿಟ್ಟು ಒಂದು ಮಾತು ಹೇಳೋಕಾಗದೆ ಈ ಅಂಡಿನ ಚಿತ್ರದ ಕೈಲಿ ಹೇಳಿ ಕಳಿಸಿದಿರಾ. ಕಾಲು ಊದಿದೆ ಕಣೇ. ಎರಡೂವರೆ ಮಾತು. ಹೇಳೋಕೇನಾಗಿತ್ತು. ಹೇಳಿದ್ರೆ ನಾನು ಓಡೋದು ನಿಲ್ಲಿಸ್ತಿದ್ನಾ, ನಿಲ್ಲಿಸ್ತಿದ್ದೆ, ಏನಾಗ್ತಿತ್ತು ನಿಲ್ಲಿಸಿದ್ರೆ, ಎರಡು ಕತ್ತೆಗಳು ಸದ್ದಿಲ್ಲದೆ ಓಡ್ತಿದ್ವು, ಅಷ್ಟೇ ತಾನೇ, ಪ್ರಪಂಚ ಮುಳುಗ್ತಿತ್ತಾ. ಆ ಡುಮ್ಮನಿಗೆ ಸಿಕ್ಕಿತು, ದೇವರೇ, ಕೇಳು, ಆ ಪೋಲಿ ಡುಮ್ಮನಿಗೆ ನೀನು ಪ್ಯಾಂಟು ಬಿಚ್ಚಿಸಿ ನೋಡುವ ಅವಕಾಶ ಕೊಟ್ಟೆ, ಕೆನ್ನೆಗೆ ಬಾರಿಸುವ ಅವಕಾಶ ಕೊಟ್ಟೆ, ಹೊತ್ತುಕೊಂಡು ಹೋಗುವ ಅವಕಾಶ ಕೊಟ್ಟೆ, ನಾನು ಮುಂಜಾನೆ ಮಧ್ಯಾಹ್ನ ಸಂಜೆ ನಿನ್ನ ಹೆಸರು ಹಿಡಿದವಳು, ನನಗೆ ಒಂದು ಕಾಲುಚೀಲ ಎಳೆದು ನೋಡುವ ಬುದ್ಧಿ ಕೊಡಲಿಲ್ಲ. ನಿನ್ನ ಲೆಕ್ಕವೇ ಲೆಕ್ಕ. ಕ್ಷಮಿಸು. ಇಲ್ಲ, ಕ್ಷಮಿಸಬೇಡ, ಇವತ್ತು ನನಗೆ ನಿನ್ನ ಕ್ಷಮೆ ಬೇಡ.

ಎದ್ದು ನಿಂತಳು. ಬಲಗಾಲು ಮುಟ್ಟಬೇಡ, ಎಂದಳು ಗಾಜಿನ ಕಡೆಗೆ. ಏನಮ್ಮ? ಅವರ ಬಲಗಾಲಿನ ಹೆಜ್ಜೆ ಸರಿಯಾಗಿದೆ, ಅದು ತಪ್ಪಿಲ್ಲ, ಅದು ಇರಲಿ, ಎಡಗಾಲಿನದ್ದು ಮಾತ್ರ ತೆಗೆ, ಅದಕ್ಕೆ ನನ್ನ ಬರಿಗಾಲು ಕೂರಿಸು. ಇಂಜಿನಿಯರ್ ತಲೆ ಕೆರೆದುಕೊಂಡ, ಅಮ್ಮ, ಒಂದೊಂದು ಹೆಜ್ಜೆ ಬಿಡಿಸಿ ಬಿಡಿಸಿ ಕತ್ತರಿಸ್ಬೇಕು, ನೀವೇ ಎರಡು ಕಾಲೂ ನಡೆದುಬಿಟ್ರೆ ಅರ್ಧ ಗಂಟೆ ಕೆಲಸ. ನಡೆಯಲ್ಲ, ಕತ್ತರಿಸು. ನಿರ್ದೇಶಕರು ಸಾಯಂಕಾಲ — ನಿರ್ದೇಶಕರಿಗೆ ನಾನು ಹೇಳ್ತೀನಿ, ಫೋನ್ ನನ್ನ ಕೈಗೆ ಕೊಡು, ಆ ಹುಡುಗನಿಗೆ ಅಂಡು ತೋರ್ಸೋಕೆ ಬರುತ್ತೆ, ಕಾಯೋಕೆ ಬರಲ್ವಾ. ಗಾಜಿನ ಹಿಂದೆ ಮೀನು ತನ್ನ ಗುಂಡಿಗಳ ಕಡೆ ಬಾಗಿತು, ಪೆಟ್ಟಿಗೆಯಿಂದ ಸಣ್ಣಗೆ ಬಂತು, ಆಯ್ತು ಅಮ್ಮ, ಕತ್ತರಿಸ್ತೀನಿ. ಚಪ್ಪಲಿ ಬಿಟ್ಟಳು, ಕಾಲುಚೀಲ ಬಿಟ್ಟಳು, ಕಲ್ಲು ತಣ್ಣಗಿತ್ತು. ಅವರ ಬಲಗಾಲಿನ ಬೂಟಿನೊಳಗೆ ಬಲಗಾಲಿಟ್ಟಳು, ದೊಡ್ಡದು, ಬಟ್ಟೆ ತುರುಕಬೇಕು, ತುರುಕಲಿಲ್ಲ, ಈ ಕಾಲು ಸದ್ದು ಮಾಡುವುದಿಲ್ಲ, ಇದು ಬರೀ ನಿಲ್ಲುವುದಕ್ಕೆ, ನಾಳೆ ನಾಡಿದ್ದು ಚಿತ್ರ ನೋಡುವ ಯಾವನಿಗೂ ಗೊತ್ತಾಗುವುದಿಲ್ಲ, ಸಣಕಲನ ಒಂದು ಕಾಲು ಗಂಡನದ್ದು, ಒಂದು ಕಾಲು ಹೆಂಡತಿಯದ್ದು. ಕತ್ತರಿಸುವುದು ಮುಗಿದು ರೆಕಾರ್ಡಿನ ಕೆಂಪು ದೀಪ ಹತ್ತಿತು. ಸಣಕಲ ಓಡಿದ, ಕಿವಿಯಲ್ಲಿ ಅವರ ಟಕ್, ನೆಲದ ಮೇಲೆ ಆಕೆಯ ಪಟ್, ಟಕ್, ಪಟ್, ಅವರು ಇಡುತ್ತಾರೆ, ಆಕೆ ಇಡುತ್ತಾಳೆ, ಓಣಿಯಲ್ಲಿ ಬೇಗ ಬೇಗ, ಮೆಟ್ಟಿಲಿನಲ್ಲಿ ಅವರು ತಡವರಿಸುತ್ತಾರೆ, ಇದು ನಟನೆಯಲ್ಲ, ಈಗ ಗೊತ್ತು, ಇದು ನಟನೆಯಲ್ಲ, ಆ ಮೂರನೆಯ ಮೆಟ್ಟಿಲಿನಲ್ಲಿ ಬಲಗಾಲು ಎಡಗಾಲಿಗಾಗಿ ಕಾಯುತ್ತದೆ, ನೋವು ಇಳಿಯಲಿ ಎಂದು ಕಾಯುತ್ತದೆ, ಆಕೆಯೂ ಕಾದಳು, ಇಟ್ಟಳು, ಪಟ್, ಒಂದೂ ತಪ್ಪಲಿಲ್ಲ, ಬೈಯುತ್ತ ಬೈಯುತ್ತ ಮನಸ್ಸಿನಲ್ಲೇ ಆ ಡುಮ್ಮನಿಗೂ ಬರದ ಬೈಗುಳ ಬೈಯುತ್ತ ಕಡೆಯ ಮೆಟ್ಟಿಲವರೆಗೆ ಇಳಿದಳು. ದೀಪ ಆರಿತು. ಕೂಡ್ಕೊಂಡಿದೆ ಅಮ್ಮ, ಎಂದ ಇಂಜಿನಿಯರ್, ಒಂದೇ ಮನುಷ್ಯ ನಡೆದ ಹಾಗಿದೆ.

ಇನ್ನು ಅವರ ಎಡಗಾಲಿನದ್ದು ಉಳೀತಮ್ಮ, ಬಿಡಿಸಿ ಪಕ್ಕಕ್ಕೆ ಇಟ್ಟಿದ್ದೀನಿ, ಒಂದ್ಸಲ ಕೇಳ್ತೀರಾ, ಅಳಿಸಿಬಿಡ್ಲಾ? ಅಳಿಸು, ಎನ್ನಬೇಕೆಂದಿದ್ದಳು, ಸುಳ್ಳು ಹೇಳಿದ್ದು ಆ ಕಾಲು, ನನ್ನಿಂದ ಬಚ್ಚಿಟ್ಟದ್ದು ಆ ಕಾಲು, ಅದರ ಸದ್ದು ನನಗೆ ಬೇಡ, ಅಳಿಸು, ಬಾಯಿ ತೆರೆದಳು, ಅವನು ಉತ್ತರಕ್ಕೆ ಕಾಯದೆ ಹಾಕಿಬಿಟ್ಟ, ಕತ್ತಲ ಕೋಣೆಯಲ್ಲಿ ಬರೀ ಎಡಗಾಲು, ಬಲಗಾಲಿನ ಜಾಗದಲ್ಲಿ ಮೌನ, ಟಪ್ಸ್, ಮೌನ, ಟಪ್ಸ್, ಮೌನ, ಸೀಳಿನ ತೊಗಲು ಬಾಯಿ ತೆರೆದು ಮುಚ್ಚುವ ಸದ್ದು, ಓಟದ ಭರದಲ್ಲಿ ಬಲಗಾಲಿನ ಟಕ್ ನುಂಗಿಹಾಕಿದ್ದ ಸದ್ದು, ಅಂದು ಆಕೆ ಚೆನ್ನಾಗಿದೆ ಎಂದ ಸದ್ದು, ಆದರೆ ಅಂದಿನದಕ್ಕಿಂತ ದೊಡ್ಡದು, ಅಂದು ಇಷ್ಟು ಬಾಯಿ ತೆರೆಯುತ್ತಿರಲಿಲ್ಲ, ಅಂದು ಸಣ್ಣಗೆ ಗಾಳಿ ಬಿಡುತ್ತಿತ್ತು, ಇದು — ಕೆಲಸದ ಕಿವಿ ಮತ್ತೆ ಕಣ್ಣಿಗಿಂತ ಮೊದಲು ಹೇಳಿತು, ಆಮೇಲೆ ಕೈ ಹುಡುಕಿತು, ಸ್ಟೂಲಿನ ಮೇಲಿಂದ ಎಡಗಾಲಿನ ಬೂಟನ್ನು ಎತ್ತಿ ದೀಪದ ಕೆಳಗೆ ಹಿಡಿದಳು, ಸೀಳಿಗೆ ಬೆರಳಿಟ್ಟಳು. ಕಿರುಬೆರಳಿನ ಪಕ್ಕದಲ್ಲಿ ಶುರು, ಅಲ್ಲಿ ಅಂಚಿಗೆ ಪಾಲಿಶು ಹಚ್ಚಿದೆ, ಕಪ್ಪು, ಮುಚ್ಚಲೆಂದು ಹಚ್ಚಿದ ಪಾಲಿಶು, ಅದರ ಮೇಲೆ ಧೂಳು, ಹಳೆಯದು, ಆಕೆ ಅಂದು ನೋಡಿದ್ದು ಅಷ್ಟೇ. ಅಲ್ಲಿಂದ ಮುಂದೆ ಒಂದು ಸಣ್ಣ ಮೆಟ್ಟಿಲು, ಬ್ಲೇಡು ಮತ್ತೆ ಹೊಕ್ಕ ಗುರುತು, ಅಲ್ಲಿ ಅಂಚು ಕಂದು. ಅಲ್ಲಿಂದ ಮುಂದೆ ಇನ್ನೊಂದು. ಅಲ್ಲಿಂದ ಲೇಸಿನ ತೂತಿನವರೆಗೆ ತೊಗಲು ಹಸಿ, ಪಾಲಿಶು ಇಲ್ಲ, ಬೆಳ್ಳಗೆ, ಹೊಸದು. ಒಂದೇ ಸಲ ಸೀಳಿದ್ದಲ್ಲ. ಅಮ್ಮ, ಅಳಿಸ್ಲಾ, ಎನ್ನುತ್ತಿದೆ ಪೆಟ್ಟಿಗೆ. ಟಪ್ಸ್, ಎನ್ನುತ್ತಿದೆ ಕೋಣೆ. ಸದ್ದಿಗೆ ಕಣೇ, ಸದ್ದಿಗೆ. ಕಪ್ಪು, ಆಮೇಲೆ ಕಂದು, ಆಮೇಲೆ ಬೆಳ್ಳಗೆ, ಕಾಲು ಊದಿದಷ್ಟು, ಊದಿದಷ್ಟು, ಎಲ್ಲೋ ಕೂತು, ಬ್ಲೇಡು ಹಿಡಿದು, ನಾನು ಎದ್ದುಹೋದ ಮೇಲೆ — ಕಪ್ಪು, ಕಂದು, ಬೆಳ್ಳಗೆ, ಬೆರಳು ಅಲ್ಲಿಯೇ, ಆ ಬೆಳ್ಳಗಿನ ಅಂಚಿನ ಮೇಲೆ, ಆ ಬೆಳ್ಳಗಿನ ಅಂಚು —